ಫಿಲ್ಟರ್ ಡಿಕಾಕ್ಷನ್ ಕೋಲ್ಡ್ ಕಾಫಿ: ನೀರಾಗದಂತೆ, ಕಹಿಯಾಗದಂತೆ ಮಾಡುವ ಕ್ರಮ

ಯುಗಾದಿ ಮುಗಿದು ಸೆಕೆ ಏರಿದ ಕೂಡಲೇ ಮನೆಗೆ ಬಂದವರು, ಫೋನ್ ಮಾಡಿದವರು ಕೇಳುವ ಪ್ರಶ್ನೆ ಒಂದೇ. "ಹೊರಗೆ ಕುಡಿದ ಕೋಲ್ಡ್ ಕಾಫಿ ಎಷ್ಟು ಗಟ್ಟಿ ಇರುತ್ತೆ. ನಾನು ಮಾಡಿದ್ರೆ ಮಾತ್ರ ನೀರು ನೀರು. ಯಾಕೆ?" ಕೆಲವರದು ಕಹಿ. ಕೆಲವರದರಲ್ಲಿ ಸಕ್ಕರೆ ಎಲ್ಲ ತಳದಲ್ಲೇ ಕೂತಿರುತ್ತದೆ. ಇನ್ನು ಕೆಲವರ ಲೋಟದಲ್ಲಿ ಮೇಲೆ ಬೆಣ್ಣೆ ತೇಲುತ್ತದೆ.

ಹೇಗೆ ಮಾಡಿದಿರಿ ಅಂತ ಕೇಳಿದರೆ ಉತ್ತರ ಹೆಚ್ಚುಕಮ್ಮಿ ಒಂದೇ ಥರ. ಬೆಳಿಗ್ಗೆ ಉಳಿದ ಡಿಕಾಕ್ಷನ್, ಒಲೆಯಿಂದ ಇಳಿಸಿ ಸ್ವಲ್ಪ ಆರಿದ ಹಾಲು, ಸಕ್ಕರೆ, ಎರಡು ಹಿಡಿ ಐಸ್. ಎಲ್ಲ ಒಟ್ಟಿಗೆ ಮಿಕ್ಸಿಗೆ ಹಾಕಿ ಎರಡು ನಿಮಿಷ ತಿರುಗಿಸಿದ್ದು. ಸಾಮಾನಿನಲ್ಲಿ ತಪ್ಪಿಲ್ಲ. ಕ್ರಮದಲ್ಲಿ ತಪ್ಪಿದೆ.

ಶುರು ಮಾಡುವ ಮುಂಚೆ ಎರಡು ವಿಷಯ ತಲೆಯಲ್ಲಿರಲಿ. ತಣ್ಣಗಿರುವ ಪಾನೀಯದಲ್ಲಿ ಸಿಹಿಯೂ ಘಮವೂ ನಾಲಿಗೆಗೆ ಕಮ್ಮಿ ತಿಳಿಯುತ್ತವೆ. ಹಾಗಾಗಿ ಬಿಸಿ ಕಾಫಿಗೆ ಸರಿಹೋಗುವ ಡಿಕಾಕ್ಷನ್ ಕೋಲ್ಡ್ ಕಾಫಿಗೆ ಸಾಕಾಗುವುದಿಲ್ಲ. ಎರಡನೆಯದು, ಐಸ್ ಅಂದರೆ ನೀರು. ಅದು ಲೋಟದಲ್ಲಿ ಕರಗಿದಷ್ಟೂ ಕಾಫಿ ತೆಳುವಾಗುತ್ತದೆ. ಮುಂದಿನ ಹಂತಗಳೆಲ್ಲ ಈ ಎರಡು ತೊಂದರೆಗೆ ಪರಿಹಾರವೇ.

ಬೇಕಾಗುವ ಸಾಮಾನು (2 ದೊಡ್ಡ ಲೋಟಕ್ಕೆ)

- ಫಿಲ್ಟರ್ ಕಾಫಿ ಪುಡಿ: 30 ಗ್ರಾಂ, ಅಂದರೆ ಸುಮಾರು 5–6 ದೊಡ್ಡ ಚಮಚ
- ನೀರು: 150 ಎಂ.ಎಲ್.
- ಹಾಲು: ಅರ್ಧ ಲೀಟರ್ ಪ್ಯಾಕೆಟ್ ಒಂದು
- ಸಕ್ಕರೆ: 5–6 ಸಣ್ಣ ಚಮಚ
- ಉಪ್ಪು: ಚಿಟಿಕೆಗೂ ಕಮ್ಮಿ

ಪಾತ್ರೆಗಳಲ್ಲಿ ಸ್ಟೀಲ್ ಅಥವಾ ಹಿತ್ತಾಳೆ ಫಿಲ್ಟರ್, ಮುಚ್ಚಳ ಇರುವ ಐಸ್ ಟ್ರೇ, ಮಿಕ್ಸಿಯ ದೊಡ್ಡ ಜಾರ್, ಸಣ್ಣ ಕಣ್ಣಿನ ಜಾಲರಿ, ಮುಚ್ಚಳ ಗಟ್ಟಿಯಾಗಿ ಕೂರುವ ಒಂದು ಗಾಜಿನ ಬಾಟಲಿ ಇದ್ದರೆ ಸಾಕು. ಅಳತೆ ಲೋಟ ಇಲ್ಲದಿದ್ದರೆ ಔಷಧಿ ಬಾಟಲಿ ಜೊತೆ ಬರುವ ಅಳತೆ ಮುಚ್ಚಳವೂ ಆಗುತ್ತದೆ, ಚೆನ್ನಾಗಿ ತೊಳೆದಿರಬೇಕು ಅಷ್ಟೆ.

ಸಮಯದ ಲೆಕ್ಕ ಹೀಗಿದೆ: ನಾಳೆ ಮಧ್ಯಾಹ್ನಕ್ಕೆ ಬೇಕಿದ್ದರೆ ಇವತ್ತು ರಾತ್ರಿಯೇ ಡಿಕಾಕ್ಷನ್ ಮತ್ತು ಹಾಲಿನ ಕೆಲಸ ಮುಗಿಸಿಡಿ. ನಾಳೆ ಉಳಿಯುವುದು ಐದು ನಿಮಿಷದ ಕೆಲಸ. "ಈಗಲೇ ಬೇಕು" ಅಂತ ಹೊರಟರೆ ನೀರು ಕಾಫಿಯೇ ಗತಿ.

ಹಂತ 1: ಪುಡಿ ಆರಿಸುವುದು

ಅಂಗಡಿಯಲ್ಲಿ ಪುಡಿ ಮಾಡಿಸಿಕೊಳ್ಳುವವರು "ಫಿಲ್ಟರ್‌ಗೆ" ಅಂತ ಬಾಯಿಬಿಟ್ಟು ಹೇಳಿ. ಪ್ಯಾಕೆಟ್ ತರುವವರು ಹಿಂದೆ ಬರೆದಿರುವ ಚಿಕೋರಿ (ಕಾಫಿಗೆ ಬೆರೆಸುವ ಹುರಿದ ಬೇರಿನ ಪುಡಿ) ಪ್ರಮಾಣ ಓದಿ. ಕಾನೂನಿನ ಪ್ರಕಾರ ಕಾಫಿ–ಚಿಕೋರಿ ಮಿಶ್ರಣದಲ್ಲಿ ಚಿಕೋರಿ 49%ವರೆಗೂ ಇರಬಹುದು. ಕೋಲ್ಡ್ ಕಾಫಿಗೆ 15–20% ಚಿಕೋರಿ ಸರಿ ಅನ್ನುವುದು ನನ್ನ ಅನುಭವ. ಅಷ್ಟಿದ್ದರೆ ಹಾಲಿನ ಜೊತೆ ಒಂದು ಮಂದ ಬರುತ್ತದೆ.

ಇಲ್ಲಿ ಒಂದು ಮೋಸವಿದೆ. ಚಿಕೋರಿ ಜಾಸ್ತಿ ಇರುವ ಡಿಕಾಕ್ಷನ್ ಕಪ್ಪಗೆ, ಗಟ್ಟಿಯಾಗಿ ಕಾಣುತ್ತದೆ. ಬಿಸಿಯಾಗಿ ಕುಡಿದಾಗ ಅದು ಗೊತ್ತಾಗುವುದಿಲ್ಲ. ತಣ್ಣಗಾದ ಮೇಲೆ ಬಣ್ಣ ಮಾತ್ರ ಉಳಿದು ಕಾಫಿ ರುಚಿ ಎಲ್ಲೋ ಮಾಯವಾಗುತ್ತದೆ. ಹಾಗಾಗಿ ಬಣ್ಣ ನೋಡಿ "ಸ್ಟ್ರಾಂಗ್ ಇದೆ" ಅಂತ ತೀರ್ಮಾನ ಮಾಡಬೇಡಿ.

ಅರೇಬಿಕಾ ಮಾತ್ರ ಇರುವ ಪುಡಿ ಘಮ ಚೆನ್ನಾಗಿರುತ್ತದೆ, ಆದರೆ ತಣ್ಣನೆ ಹಾಲಿನಲ್ಲಿ ಸ್ವಲ್ಪ ಮೆತ್ತಗಾಗುತ್ತದೆ. ಕಾಲು ಭಾಗ ರೊಬಸ್ಟಾ ಸೇರಿಸಿ ಹುರಿದು ಪುಡಿ ಮಾಡಿಸಿದರೆ ಹಾಲನ್ನು ಎದುರಿಸಿ ನಿಲ್ಲುವ ಖಾರ ಬರುತ್ತದೆ. ರೊಬಸ್ಟಾದಲ್ಲಿ ಕೆಫೀನ್ ಅರೇಬಿಕಾದ ಸುಮಾರು ಎರಡರಷ್ಟು ಇರುತ್ತದೆ ಅನ್ನುವುದೂ ನೆನಪಿರಲಿ. ಸಂಜೆ ಮೇಲೆ ಕುಡಿದರೆ ನಿದ್ದೆ ಕೆಡುವವರು ಜಾಸ್ತಿ ಹಾಕಿಸಬೇಡಿ.

ಹಂತ 2: ಗಟ್ಟಿ ಡಿಕಾಕ್ಷನ್ ಇಳಿಸುವುದು

ಇಡೀ ಕೆಲಸದಲ್ಲಿ ಸೋಲುವುದು ಇಲ್ಲೇ. ಸ್ವಲ್ಪ ನಿಧಾನವಾಗಿ ಓದಿ.

ಫಿಲ್ಟರ್‌ನ ಮೇಲಿನ ಪಾತ್ರೆ ಪೂರ್ತಿ ಒಣಗಿರಬೇಕು. ತೂತುಗಳಲ್ಲಿ ನೀರು ನಿಂತಿದ್ದರೆ ಪುಡಿ ಅಲ್ಲೇ ಅಂಟಿ ಕೆಸರಾಗುತ್ತದೆ. ಪುಡಿ ಹಾಕಿ, ಪಾತ್ರೆಯನ್ನು ಅಂಗೈಗೆ ಎರಡು ಸಲ ಮೆಲ್ಲಗೆ ತಟ್ಟಿ ಸಮ ಮಾಡಿ. ಆಮೇಲೆ ಕೊಡೆಯಂಥ ಬಿಲ್ಲೆಯನ್ನು ಇಟ್ಟು ಒಂದೇ ಸಲ ಹಗುರಾಗಿ ಒತ್ತಿ. ಬಲ ಹಾಕಬೇಡಿ. ಬಿಲ್ಲೆ ಅಲ್ಲೇ ಇರಲಿ.

ಕುದಿದ ನೀರನ್ನು ಇಳಿಸಿ ಅರ್ಧ ನಿಮಿಷ ಬಿಡಿ. ಮೊದಲು ಎರಡು ದೊಡ್ಡ ಚಮಚ ನೀರನ್ನು ಮಾತ್ರ ಸುತ್ತಲೂ ಹಾಕಿ ಮತ್ತೆ ಅರ್ಧ ನಿಮಿಷ ಕಾಯಿರಿ. ಪುಡಿ ತಾಜಾ ಇದ್ದರೆ ಬಿಲ್ಲೆಯ ಅಂಚಿನಲ್ಲಿ ಸಣ್ಣ ಸಣ್ಣ ಗುಳ್ಳೆ ಎದ್ದು ಪುಡಿ ಉಬ್ಬುತ್ತದೆ. ಏನೂ ಏಳದಿದ್ದರೆ ಪುಡಿ ಹಳೆಯದು ಅಂತ ಅರ್ಥ. ಕುಡಿಯಬಹುದು, ಆದರೆ ಘಮ ನಿರೀಕ್ಷಿಸಬೇಡಿ. ಉಳಿದ ನೀರನ್ನು ಬಿಲ್ಲೆಯ ಮೇಲೆ ನಿಧಾನಕ್ಕೆ ಸುರಿದು ಮುಚ್ಚಳ ಹಾಕಿ.

150 ಎಂ.ಎಲ್. ನೀರಿಗೆ ಸುಮಾರು 90 ಎಂ.ಎಲ್. ಡಿಕಾಕ್ಷನ್ ಸಿಗುತ್ತದೆ. ಉಳಿದದ್ದು ಎಲ್ಲಿ ಹೋಯಿತು ಅಂತ ಗಾಬರಿ ಬೇಡ. ಪುಡಿ ತನ್ನ ತೂಕದ ಎರಡರಷ್ಟು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಕಮ್ಮಿ ಬಂತು ಅಂತ ಅದೇ ಪುಡಿಗೆ ಇನ್ನೊಂದು ಲೋಟ ನೀರು ಸುರಿಯುವ ಅಭ್ಯಾಸ ಬಹಳ ಮನೆಗಳಲ್ಲಿದೆ. ಆ ಎರಡನೇ ಡಿಕಾಕ್ಷನ್ ಬಿಸಿ ಕಾಫಿಗೆ ಹೇಗೋ ನಡೆಯುತ್ತದೆ. ಇದಕ್ಕೆ ಖಂಡಿತ ಬೇಡ.

ಇಳಿಯಲು 20ರಿಂದ 30 ನಿಮಿಷ ಬೇಕು. ಎಚ್ಚರಿಕೆಯ ಗುರುತುಗಳು ಇವು:

ಐದೇ ನಿಮಿಷಕ್ಕೆ ಎಲ್ಲ ಇಳಿದುಹೋದರೆ ಪುಡಿ ದಪ್ಪವಾಗಿದೆ, ಇಲ್ಲವೇ ಒತ್ತಿಯೇ ಇಲ್ಲ. ರುಚಿ ತೆಳುವಾಗಿ ಹುಳಿ ಹುಳಿ ಇರುತ್ತದೆ.

ಒಂದು ಗಂಟೆಯಾದರೂ ನೀರು ಮೇಲೇ ನಿಂತಿದ್ದರೆ ಮೂರು ಕಾರಣ ಇರಬಹುದು. ಪುಡಿ ತೀರಾ ನುಣ್ಣಗಿದೆ, ಬಲವಾಗಿ ಒತ್ತಿದ್ದೀರಿ, ಅಥವಾ ಗಾಳಿ ಕಟ್ಟಿಕೊಂಡಿದೆ. ಈ ಗಾಳಿಯ ವಿಷಯ ಬಹಳ ಜನರಿಗೆ ಗೊತ್ತಿಲ್ಲ. ಮೇಲಿನ ಪಾತ್ರೆ ಕೆಳಗಿನದರ ಮೇಲೆ ಬಿಗಿಯಾಗಿ ಕೂತರೆ ಕೆಳಗಿರುವ ಗಾಳಿಗೆ ಹೊರಹೋಗಲು ದಾರಿ ಇಲ್ಲ. ಅದು ಮೇಲಿನ ನೀರನ್ನು ತಡೆದು ನಿಲ್ಲಿಸುತ್ತದೆ. ಮೇಲಿನ ಪಾತ್ರೆಯನ್ನು ಬಟ್ಟೆಯಲ್ಲಿ ಹಿಡಿದು ಒಂದು ಎಳೆಯಷ್ಟು ಎತ್ತಿ ಮತ್ತೆ ಸಡಿಲವಾಗಿ ಕೂರಿಸಿ. "ಟಪ್ ಟಪ್" ಅಂತ ತಕ್ಷಣ ಹನಿ ಶುರುವಾಗುತ್ತದೆ. ಚಮಚದಿಂದ ಪುಡಿ ಕಲಕಲು ಮಾತ್ರ ಹೋಗಬೇಡಿ. ಕಲಕಿದರೆ ಗಸಿ ಕೆಳಗಿಳಿದು ಡಿಕಾಕ್ಷನ್ ಕಹಿಯಾಗುತ್ತದೆ.

ಗಟ್ಟಿ ಇದೆಯೋ ಇಲ್ಲವೋ ಪರೀಕ್ಷೆ ಹೀಗೆ ಮಾಡಿ. ಒಂದು ಚಮಚ ಡಿಕಾಕ್ಷನ್‌ಗೆ ನಾಲ್ಕು ಚಮಚ ಫ್ರಿಜ್‌ನ ತಣ್ಣನೆ ಹಾಲು ಸೇರಿಸಿ ನಾಲಿಗೆಗೆ ಹಾಕಿ. ಸಕ್ಕರೆ ಇಲ್ಲದೆ ಕುಡಿದಾಗ "ಅಬ್ಬಾ, ಸ್ವಲ್ಪ ಜಾಸ್ತಿಯಾಯ್ತು" ಅನಿಸಬೇಕು. "ಸರಿಯಾಗಿದೆ" ಅನಿಸಿದರೆ ಐಸ್ ಸೇರಿದ ಮೇಲೆ ಸಪ್ಪೆಯಾಗುತ್ತದೆ.

ಹಂತ 3: ಬಿಸಿಯಿರುವಾಗಲೇ ಸಕ್ಕರೆ

ಡಿಕಾಕ್ಷನ್ ಪೂರ್ತಿ ಇಳಿದ ಕೂಡಲೇ, ಇನ್ನೂ ಬಿಸಿ ಇರುವಾಗಲೇ ಸಕ್ಕರೆ ಮತ್ತು ಉಪ್ಪು ಹಾಕಿ ಕರಗಿಸಿ. ತಣ್ಣನೆ ಹಾಲಿಗೆ ಸಕ್ಕರೆ ಹಾಕಿದರೆ ಅದು ಕರಗುವುದೇ ಇಲ್ಲ ಅನ್ನುವಷ್ಟು ನಿಧಾನ. ಕೊನೆಯ ಗುಟುಕು ಪಾಯಸವಾಗುವುದು ಇದೇ ಕಾರಣಕ್ಕೆ. ಅಷ್ಟರಲ್ಲಿ ಡಿಕಾಕ್ಷನ್ ಆರಿಹೋಗಿದ್ದರೆ ಅದನ್ನು ಒಲೆ ಮೇಲೆ ಇಡಬೇಡಿ. ಬಿಸಿನೀರಿರುವ ಬಟ್ಟಲಿನಲ್ಲಿ ಪಾತ್ರೆ ಇಟ್ಟು ಬೆಚ್ಚಗೆ ಮಾಡಿ. ಕುದಿಸಿದ ಡಿಕಾಕ್ಷನ್ ಸುಟ್ಟ ವಾಸನೆ ಬರುತ್ತದೆ.

ಉಪ್ಪು ಯಾಕೆ ಅಂತ ಕೇಳುತ್ತಾರೆ. ಚಿಟಿಕೆಗೂ ಕಮ್ಮಿ ಉಪ್ಪು ಕಹಿಯನ್ನು ತಗ್ಗಿಸುತ್ತದೆ. ಉಪ್ಪಿನ ರುಚಿ ತಿಳಿಯಬಾರದು, ಅಷ್ಟೇ ಅಳತೆ.

ಮನೆಯಲ್ಲಿ ಸಕ್ಕರೆ ಬೇಡದವರೂ ಇದ್ದರೆ ಡಿಕಾಕ್ಷನ್‌ಗೆ ಹಾಕದೆ ಪಾಕ ಬೇರೆ ಮಾಡಿಡಿ. 100 ಗ್ರಾಂ ಸಕ್ಕರೆಗೆ 100 ಎಂ.ಎಲ್. ನೀರು, ಒಂದು ಕುದಿ. ಅವರವರ ಲೋಟಕ್ಕೆ ಬೇಕಾದಷ್ಟು ಸೇರಿಸಬಹುದು.

ಹಂತ 4: ಬೇಗ ತಣ್ಣಗೆ ಮಾಡುವುದು

ಡಿಕಾಕ್ಷನ್ ಅನ್ನು ಕಟ್ಟೆಯ ಮೇಲೆ ಗಂಟೆಗಟ್ಟಲೆ ತೆರೆದು ಬಿಡಬೇಡಿ. ಘಮ ಹಾರಿ, ಒಗರು ಉಳಿಯುತ್ತದೆ. ಅಗಲದ ಬಟ್ಟಲಿಗೆ ತಣ್ಣೀರು, ನಾಲ್ಕು ಐಸ್ ತುಂಡು ಹಾಕಿ. ಫಿಲ್ಟರ್‌ನ ಕೆಳಗಿನ ಪಾತ್ರೆಯನ್ನೇ ಅದರಲ್ಲಿ ನಿಲ್ಲಿಸಿ ಹತ್ತು ನಿಮಿಷ ಬಿಡಿ. ಲೋಹದ ಪಾತ್ರೆಯಾದ್ದರಿಂದ ಬೇಗ ತಣಿಯುತ್ತದೆ. ಆಮೇಲೆ ಗಾಜಿನ ಬಾಟಲಿಗೆ ಹಾಕಿ, ಮುಚ್ಚಿ, ಫ್ರಿಜ್‌ನಲ್ಲಿಡಿ. ಎರಡು ದಿನ ಚೆನ್ನಾಗಿರುತ್ತದೆ. ಮೂರನೇ ದಿನ ಮುಚ್ಚಳ ತೆಗೆದಾಗ ಹಳಸು ವಾಸನೆ ಬಂದರೆ ಚೆಲ್ಲಿಬಿಡಿ. ತಣ್ಣಗಾದ ಡಿಕಾಕ್ಷನ್ ಸ್ವಲ್ಪ ಮಬ್ಬಾಗಿ, ತಳದಲ್ಲಿ ಗಸಿ ಕಂಡರೆ ಅದು ಕೆಟ್ಟಿಲ್ಲ. ಮೇಲಿನದನ್ನು ಬಗ್ಗಿಸಿಕೊಳ್ಳಿ.

ಹಂತ 5: ಹಾಲು ಮತ್ತು ಹಾಲಿನ ಐಸ್

ಹಾಲಿನಲ್ಲಿ ಮೊದಲು ಜಿಡ್ಡಿನ ಲೆಕ್ಕ. ಪ್ಯಾಕೆಟ್ ಮೇಲೆ ಬರೆದಿರುತ್ತದೆ: ಟೋನ್ಡ್ ಹಾಲಿನಲ್ಲಿ 3%, ಸ್ಟ್ಯಾಂಡರ್ಡೈಸ್ಡ್ ಹಾಲಿನಲ್ಲಿ 4.5%, ಫುಲ್ ಕ್ರೀಮ್‌ನಲ್ಲಿ 6% ಜಿಡ್ಡು. ಕೋಲ್ಡ್ ಕಾಫಿಗೆ ಮಧ್ಯದ್ದೇ ನನಗೆ ಇಷ್ಟ. 6% ಹಾಲು ಮಂದ ಬರುತ್ತದೆ ನಿಜ. ಆದರೆ ಮಿಕ್ಸಿಯಲ್ಲಿ ಸ್ವಲ್ಪ ಜಾಸ್ತಿ ತಿರುಗಿದರೂ ಬೆಣ್ಣೆ ಬಿಡುತ್ತದೆ.

ಅರ್ಧ ಲೀಟರ್ ಹಾಲನ್ನು ದಪ್ಪ ತಳದ ಪಾತ್ರೆಯಲ್ಲಿ ಕಾಯಿಸಿ. ಉಕ್ಕು ಬಂದ ಮೇಲೆ ಉರಿ ಸಣ್ಣ ಮಾಡಿ, ಆಗಾಗ ಕೈಯಾಡಿಸುತ್ತಾ ಸುಮಾರು 420 ಎಂ.ಎಲ್.ಗೆ ಇಳಿಸಿ. ಹತ್ತು ಹದಿನೈದು ನಿಮಿಷದ ಕೆಲಸ. ಹೊರಗಿನ ಕಾಫಿ ಗಟ್ಟಿ ಅನಿಸುವುದಕ್ಕೆ ಐಸ್‌ಕ್ರೀಮ್ ಕಾರಣ ಅಂತ ಜನ ಅಂದುಕೊಳ್ಳುತ್ತಾರೆ. ಹಾಲಿನಿಂದ ಇಷ್ಟು ನೀರು ಹಾರಿಸಿದರೆ ಐಸ್‌ಕ್ರೀಮ್ ಇಲ್ಲದೆಯೂ ಆ ಮಂದ ಬರುತ್ತದೆ. ಹಸುವಿನ ಮನೆಯಿಂದ ನೇರ ಹಾಲು ತರುವವರು ಕುದಿಸದೆ ಬಳಸಲೇಬಾರದು.

ಹಾಲು ಆರುವಾಗ ಕೆನೆ ಕಟ್ಟುತ್ತದೆ. ಆರಿದ ಮೇಲೆ ಜಾಲರಿಯಲ್ಲಿ ಸೋಸಿ ಕೆನೆ ತೆಗೆಯಿರಿ. ಈ ಒಂದು ಕೆಲಸ ಬಿಟ್ಟವರೇ ಜಾಸ್ತಿ. ಆ ಕೆನೆಯೇ ಆಮೇಲೆ ಚೂರು ಚೂರಾಗಿ ತುಟಿಗೆ ಅಂಟುವುದು.

ಈಗ ಸೋಸಿದ ಹಾಲಿನಲ್ಲಿ 120 ಎಂ.ಎಲ್. ತೆಗೆದು ಐಸ್ ಟ್ರೇಗೆ ಸುರಿಯಿರಿ. ಆರು ಗುಂಡಿ ತುಂಬುತ್ತದೆ. ಅಂಚಿನವರೆಗೆ ತುಂಬಬೇಡಿ, ಹೆಪ್ಪುಗಟ್ಟುವಾಗ ಉಬ್ಬುತ್ತದೆ. ನೀರಿನ ಐಸ್ ಬದಲು ಈ ಹಾಲಿನ ಐಸ್ ಬಳಸುವುದರಿಂದಲೇ ನಮ್ಮ ಕಾಫಿ ಕೊನೆಯ ಗುಟುಕಿನವರೆಗೂ ತೆಳುವಾಗುವುದಿಲ್ಲ. ಕನಿಷ್ಠ ಐದು ಗಂಟೆ ಫ್ರೀಜರ್‌ನಲ್ಲಿರಲಿ. ಉಳಿದ 300 ಎಂ.ಎಲ್. ಫ್ರಿಜ್‌ನ ಹಿಂಭಾಗದಲ್ಲಿಡಿ. ಬಾಗಿಲಿನ ಅರೆಯಲ್ಲಿ ಬೇಡ, ಬೇಸಿಗೆಯಲ್ಲಿ ಬಾಗಿಲು ಪದೇ ಪದೇ ತೆರೆದು ಅಲ್ಲಿ ಬಿಸಿ ಜಾಸ್ತಿ.

ಟ್ರೇಗೆ ಮುಚ್ಚಳ ಬೇಕು ಅಂದೆ ಅಲ್ವಾ? ಹಾಲು ಸುತ್ತಲಿನ ವಾಸನೆ ಹೀರಿಕೊಳ್ಳುತ್ತದೆ. ಏಪ್ರಿಲ್–ಮೇ ಅಂದರೆ ಫ್ರಿಜ್‌ನಲ್ಲಿ ಹಲಸಿನ ತೊಳೆ ಇರುವ ಕಾಲ. ಒಂದು ರಾತ್ರಿ ತೆರೆದಿಟ್ಟರೆ ಸಾಕು, ಮರುದಿನ ಕಾಫಿಯಲ್ಲಿ ಹಲಸಿನ ಹಣ್ಣೇ ಘಮ್ ಅನ್ನುತ್ತದೆ. ಮುಚ್ಚಳ ಇಲ್ಲದಿದ್ದರೆ ಟ್ರೇಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಗಂಟು ಕಟ್ಟಿ.

ಹಂತ 6: ಜಾರ್ ಸಿದ್ಧ ಮಾಡುವುದು

ಮಸಾಲೆ ರುಬ್ಬುವ ಜಾರ್‌ನಲ್ಲಿ ಕಾಫಿ ಮಾಡಬೇಕಾದರೆ ಸುಮ್ನೆ ತೊಳೆದರೆ ಸಾಲದು. ವಾಸನೆ ಸ್ಟೀಲ್‌ನಲ್ಲಿ ಇರುವುದಿಲ್ಲ, ಮುಚ್ಚಳದ ರಬ್ಬರ್ ಉಂಗುರದಲ್ಲಿರುತ್ತದೆ. ಉಂಗುರ ಬಿಚ್ಚಿ, ಬಿಸಿನೀರಿಗೆ ಅರ್ಧ ಚಮಚ ಅಡುಗೆ ಸೋಡಾ ಹಾಕಿ ಹದಿನೈದು ನಿಮಿಷ ನೆನೆಸಿ ತೊಳೆಯಿರಿ. ಆಮೇಲೆ ಮೂಸಿ ನೋಡಿ. ಬೆಳ್ಳುಳ್ಳಿ, ಇಂಗಿನ ವಾಸನೆ ಸ್ವಲ್ಪ ಇದ್ದರೂ ಕಾಫಿಗೆ ಬರುತ್ತದೆ.

ತೊಳೆದ ಜಾರ್ ಅನ್ನು ಕಾಲು ಗಂಟೆ ಫ್ರಿಜ್‌ನಲ್ಲಿಡಿ. ಕುಡಿಯುವ ಲೋಟಗಳನ್ನೂ ಅದರ ಜೊತೆಗೇ ಇಟ್ಟುಬಿಡಿ.

ಹಂತ 7: ಮಿಕ್ಸಿ ತಿರುಗಿಸುವುದು

ಮೊದಲು ಒಂದು ಎಚ್ಚರಿಕೆ. ಬಿಸಿ ಡಿಕಾಕ್ಷನ್ ಅಥವಾ ಬಿಸಿ ಹಾಲನ್ನು ಯಾವ ಕಾರಣಕ್ಕೂ ಮುಚ್ಚಿದ ಜಾರ್‌ನಲ್ಲಿ ತಿರುಗಿಸಬೇಡಿ. ಒಳಗೆ ಹಬೆ ಒತ್ತಡ ಕಟ್ಟಿ ಮುಚ್ಚಳ ಹಾರುತ್ತದೆ. ಕೆಲವು ವರ್ಷದ ಹಿಂದೆ ನೆಂಟರು ಬಂದಿದ್ದ ಅವಸರದಲ್ಲಿ ನಮ್ಮ ಮನೆಯಲ್ಲೇ ಹೀಗಾಗಿ ನನ್ನ ತಂಗಿಯ ಮೊಣಕೈವರೆಗೆ ಬೊಬ್ಬೆ ಎದ್ದಿತ್ತು. ಐಸ್ ಹಾಕ್ತೀವಲ್ಲ, ತಣ್ಣಗಾಗುತ್ತೆ ಅಂದುಕೊಂಡು ಬಿಸಿಯದನ್ನೇ ಸುರಿದಿದ್ದೆವು. ಅವತ್ತಿನಿಂದ ಜಾರ್‌ಗೆ ಹಾಕುವ ಮೊದಲು ಪಾತ್ರೆ ಮುಟ್ಟಿ ನೋಡದೆ ನಾನು ಮುಂದೆ ಹೋಗುವುದಿಲ್ಲ.

ಹಾಕುವ ಕ್ರಮ ಇದು:

1. ತಣ್ಣನೆ ಡಿಕಾಕ್ಷನ್ ಪೂರ್ತಿ, ಹಾಲು ಅರ್ಧ.
2. ಹಾಲಿನ ಐಸ್ ಆರು ತುಂಡು. ಮಿಕ್ಸಿಯನ್ನು ಎಡಕ್ಕೆ ತಿರುಗಿಸಿ, ಐದೈದು ಸೆಕೆಂಡಿನಂತೆ ನಾಲ್ಕು ಸಲ. ಮೊದಲು "ಕಟಕಟ" ಸದ್ದು ಬರುತ್ತದೆ. ಆ ಸದ್ದು ನಿಂತು "ಗುಯ್" ಅಂದರೆ ಐಸ್ ಪುಡಿಯಾಗಿದೆ.
3. ಉಳಿದ ಹಾಲು ಸೇರಿಸಿ ಕೊನೆಯ ಹತ್ತು ಸೆಕೆಂಡ್.

ಒಟ್ಟು ಅರ್ಧ ನಿಮಿಷ ದಾಟಬಾರದು. ಜಾಸ್ತಿ ತಿರುಗಿಸಿದರೆ ಬ್ಲೇಡಿನ ಬಿಸಿಗೆ ಕಾಫಿ ಬೆಚ್ಚಗಾಗಿ, ಹಾಲಿನ ಜಿಡ್ಡು ಬೇರೆಯಾಗುತ್ತದೆ. ಜಾರ್ ಅರ್ಧಕ್ಕಿಂತ ಜಾಸ್ತಿ ತುಂಬಿರಬಾರದು, ನೊರೆಗೆ ಜಾಗ ಬೇಕು.

ಸುರಿದ ಮೇಲೆ ಲೋಟದ ಗೋಡೆ ನೋಡಿ. ಹಳದಿ ಚೂರು ಮೇಲೆ ತೇಲುತ್ತಿದ್ದು, ಬೆರಳಲ್ಲಿ ಉಜ್ಜಿದರೆ ಕರಗಿ ಜಿಡ್ಡಾದರೆ ಅದು ಬೆಣ್ಣೆ. ಸೋಸಿ ಕುಡಿಯಬಹುದು. ಬಿಳಿ ಕಣ ತಳಕ್ಕೆ ಇಳಿಯುತ್ತಿದ್ದು, ಉಜ್ಜಿದರೂ ಕರಗದೆ ಮರಳಿನಂತೆ ಉಳಿದರೆ ಹಾಲು ಒಡೆದಿದೆ. ಅದನ್ನು ಚೆಲ್ಲಿ. ಹುಳಿಯಾಗಲು ಶುರುವಾದ ಹಾಲು ನೋಡಲು ಸರಿಯಾಗೇ ಇರುತ್ತದೆ. ಡಿಕಾಕ್ಷನ್‌ನ ಹುಳಿ ಸೇರಿದಾಗ ಬಣ್ಣ ಬಯಲಾಗುತ್ತದೆ.

ಕರೆಂಟ್ ಹೋದರೆ

ಬೇಸಿಗೆಯಲ್ಲಿ ಇದು ಮಾಮೂಲು. ಮಜ್ಜಿಗೆ ಕಡೆಯುವ ಕಡಗೋಲು ಇದ್ದರೆ ಚಿಂತೆ ಇಲ್ಲ. ಹಾಲಿನ ಐಸ್ ಅನ್ನು ಬಟ್ಟೆಯಲ್ಲಿ ಕಟ್ಟಿ ಲಟ್ಟಣಿಗೆಯಿಂದ ಕುಟ್ಟಿ ಪುಡಿ ಮಾಡಿ. ಆಳದ ಪಾತ್ರೆಗೆ ಡಿಕಾಕ್ಷನ್, ಹಾಲು, ಐಸ್ ಪುಡಿ ಹಾಕಿ ಎರಡು ನಿಮಿಷ ಕಡೆಯಿರಿ. ನೊರೆ ಮಿಕ್ಸಿಯದಕ್ಕಿಂತ ಸಣ್ಣದಾಗಿ, ಜಾಸ್ತಿ ಹೊತ್ತು ನಿಲ್ಲುತ್ತದೆ ಅನ್ನುವುದು ನಾನು ಎಷ್ಟೋ ಸಲ ನೋಡಿದ್ದು. ಕಡಗೋಲು ಇಲ್ಲದಿದ್ದರೆ ಸ್ಟೀಲ್ ಬಾಟಲಿಯಲ್ಲಿ ಮುಕ್ಕಾಲು ಭಾಗ ತುಂಬಿ, ಬಿಗಿಯಾಗಿ ಮುಚ್ಚಿ, ಒಂದು ನಿಮಿಷ ಜೋರಾಗಿ ಕುಲುಕಿ.

ಫಿಲ್ಟರ್ ಇಲ್ಲದವರಿಗೆ

ಫಿಲ್ಟರ್ ಪುಡಿಯನ್ನು ನೇರ ಮಿಕ್ಸಿಗೆ ಹಾಕಿ "ಬಾಯಲ್ಲಿ ಮರಳು ಸಿಗುತ್ತೆ" ಅನ್ನುವವರಿದ್ದಾರೆ. ಫಿಲ್ಟರ್ ಪುಡಿ ಕರಗುವುದಿಲ್ಲ. ಕರಗುವುದು ಇನ್‌ಸ್ಟಂಟ್ ಪುಡಿ ಮಾತ್ರ. ಅದನ್ನು ಬಳಸುವುದಾದರೆ ಎರಡು ಲೋಟಕ್ಕೆ 4 ಸಣ್ಣ ಚಮಚ ಪುಡಿ, 4 ಚಮಚ ಸಕ್ಕರೆ, 4 ಚಮಚ ಬಿಸಿನೀರು. ಬಟ್ಟಲಲ್ಲಿ ಚಮಚದಿಂದ ಒಂದೇ ಸಮ ಬೀಸಿ. ಐದಾರು ನಿಮಿಷದಲ್ಲಿ ಕಪ್ಪು ತಿಳಿಯಾಗಿ ಚಂದನದ ಬಣ್ಣದ ನೊರೆಯಾಗುತ್ತದೆ. ನೀರು ಜಾಸ್ತಿಯಾದರೆ ಎಷ್ಟು ಬೀಸಿದರೂ ನೊರೆ ಏಳುವುದಿಲ್ಲ. ಇದನ್ನು ಡಿಕಾಕ್ಷನ್ ಜಾಗದಲ್ಲಿ ಬಳಸಿ, ಉಳಿದ ಕ್ರಮ ಅದೇ.

ಪಾತ್ರೆಯಲ್ಲಿ ಪುಡಿ ಕುದಿಸಿ ಬಟ್ಟೆಯಲ್ಲಿ ಸೋಸುವ ರೀತಿ ಬಿಸಿ ಕಾಫಿಗೆ ಇರಲಿ. ಕುದಿಸಿದ ಕಹಿ ತಣ್ಣಗಾದ ಮೇಲೂ ಹೋಗುವುದಿಲ್ಲ.

ಹಾಲು ಬೇಡದವರಿಗೆ: ಬೆಲ್ಲ–ನಿಂಬೆ ಕಾಫಿ

ಮಲೆನಾಡಿನಲ್ಲಿ, ಕೊಡಗಿನಲ್ಲಿ ಬೆಲ್ಲದ ಕರಿ ಕಾಫಿ ಕುಡಿದು ಬೆಳೆದವರಿಗೆ ಇದು ಬೇಗ ಹಿಡಿಸುತ್ತದೆ. ಚಿಕೋರಿ ಇಲ್ಲದ ಪುಡಿಯೇ ಬೇಕು. 50 ಗ್ರಾಂ ಪುಡಿಯನ್ನು ಕುಡಿಯುವ ತಣ್ಣೀರು 400 ಎಂ.ಎಲ್.ನಲ್ಲಿ ಕಲಸಿ, ಮುಚ್ಚಿ, ಫ್ರಿಜ್‌ನಲ್ಲಿ 12ರಿಂದ 16 ಗಂಟೆ ಇಡಿ. ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ. ಬಿಸಿ ತಾಗದ ಕಾರಣ ಕಹಿ ಕಮ್ಮಿ ಇರುತ್ತದೆ.

ಬೆಲ್ಲವನ್ನು ಸ್ವಲ್ಪ ನೀರಲ್ಲಿ ಕರಗಿಸಿ, ಕಸ ಸೋಸಿ, ಆರಿಸಿ. ಲೋಟಕ್ಕೆ ಅರ್ಧ ಕಾಫಿ, ಎರಡು ಚಮಚ ಬೆಲ್ಲದ ನೀರು, ಕಾಲು ನಿಂಬೆಹಣ್ಣಿನ ರಸ, ಮೇಲೆ ತಣ್ಣೀರು. ಇದಕ್ಕೆ ನೀರಿನ ಐಸ್ ನಡೆಯುತ್ತದೆ. ಇದೇ ಲೋಟಕ್ಕೆ ಆಮೇಲೆ ಹಾಲು ಸೇರಿಸಲು ಹೋಗಬೇಡಿ, ನಿಂಬೆಗೆ ತಕ್ಷಣ ಒಡೆಯುತ್ತದೆ.

ಇಡುವುದು, ಒಯ್ಯುವುದು

ಮಾಡಿದ ಕೋಲ್ಡ್ ಕಾಫಿಯನ್ನು ಆಗಲೇ ಕುಡಿಯಿರಿ. ಫ್ರಿಜ್‌ನಲ್ಲಿ ಉಳಿಸಿದರೆ ನೊರೆ ಇಳಿದು ಎರಡು ಪದರವಾಗುತ್ತದೆ. ಕುಲುಕಿ ಅದೇ ದಿನ ಮುಗಿಸಿ. ಫ್ರಿಜ್ ಹೊರಗೆ 32 ಡಿಗ್ರಿಗಿಂತ ಜಾಸ್ತಿ ಸೆಕೆಯಲ್ಲಿ ಹಾಲಿನ ಪಾನೀಯ ಒಂದು ಗಂಟೆಗಿಂತ ಹೆಚ್ಚು ಇರಬಾರದು. ಕಲಬುರಗಿ, ರಾಯಚೂರು, ಬಳ್ಳಾರಿ ಕಡೆ ಏಪ್ರಿಲ್‌ನಲ್ಲೇ 40 ಡಿಗ್ರಿ ದಾಟುತ್ತದೆ. ಅಲ್ಲಿಯವರು ಮಕ್ಕಳ ಬಾಟಲಿಗೆ, ಬಸ್ ಪ್ರಯಾಣಕ್ಕೆ ಇದನ್ನು ತುಂಬಿ ಕಳಿಸಬೇಡಿ. ಆಫೀಸಿಗೆ ಬೇಕೇಬೇಕು ಅನ್ನುವವರು ಸಕ್ಕರೆ ಹಾಕಿದ ಡಿಕಾಕ್ಷನ್ ಮಾತ್ರ ಸಣ್ಣ ಬಾಟಲಿಯಲ್ಲಿ ಒಯ್ದು, ಅಲ್ಲಿ ತಣ್ಣನೆ ಹಾಲು ಸೇರಿಸಿಕೊಳ್ಳಬಹುದು.

ಫಿಲ್ಟರ್ ತೊಳೆಯುವುದು

ಕೆಲಸ ಮುಗಿದ ದಿನವೇ ಗಸಿ ತೆಗೆದು ಗಿಡದ ಬುಡಕ್ಕೆ ಹಾಕಿ. ಸೋಪು ಬೇಡ, ಬಿಸಿನೀರು, ಸಣ್ಣ ಬ್ರಷ್ ಸಾಕು. ತಿಂಗಳಿಗೊಮ್ಮೆ ಮೇಲಿನ ಪಾತ್ರೆಯ ತಳವನ್ನು ಇಕ್ಕಳದಲ್ಲಿ ಹಿಡಿದು ಸಣ್ಣ ಉರಿಯ ಮೇಲೆ ಅರ್ಧ ನಿಮಿಷ ತೋರಿಸಿ. ತೂತಿನಲ್ಲಿ ಕಟ್ಟಿದ ಪುಡಿ ಸುಟ್ಟು ಉದುರುತ್ತದೆ. ಆರಿದ ಮೇಲೆ ತೊಳೆದು, ಒರೆಸಿ, ಕಿಟಕಿಯ ಬೆಳಕಿಗೆ ಹಿಡಿದು ನೋಡಿ. ಎಲ್ಲ ತೂತಿನಲ್ಲೂ ಬೆಳಕು ಕಂಡರೆ ರಾತ್ರಿ ಮತ್ತೆ ಪುಡಿ ಹಾಕಬಹುದು.